ಸ್ಕ್ಯಾನ್ ವರದಿಯಲ್ಲಿ ‘ನಾಬೋಥಿಯನ್ ಸಿಸ್ಟ್’ ಎಂದಿದ್ದರೆ: ಗರ್ಭಕೋಶದ ಬಾಯಿಯ ನೀರುಗುಳ್ಳೆ ಬಗ್ಗೆ ಚರ್ಚೆ

ಚಂದ್ರಗಿರಿ_ತೀರ:
ಸ್ಕ್ಯಾನ್ ವರದಿಗಳಲ್ಲಿ ಈ ಸಾಲು ಪದೇ ಪದೇ ಕಾಣುತ್ತಿದೆ: ‘ಫ್ಯೂ ನಾಬೋಥಿಯನ್ ಸಿಸ್ಟ್ಸ್ ಇನ್ ದ ಸರ್ವಿಕ್ಸ್, ಲಾರ್ಜೆಸ್ಟ್ 8 × 6 ಎಂಎಂ’. ಕಾಸರಗೋಡಿನಲ್ಲಿ ನಮ್ಮ ಕಥೆ ಗೊತ್ತಲ್ಲ, ವರದಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯಲ್ಲಿ ವಿವರಣೆ ಮಲಯಾಳದಲ್ಲಿ, ಮನೆಗೆ ಬಂದ ಮೇಲೆ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಅಲ್ಲಿ ‘ಮುಳ’ ಎಂದು ಹೇಳಿದ್ದು ಇಲ್ಲಿಗೆ ಬರುವಷ್ಟರಲ್ಲಿ ‘ಗಡ್ಡೆ’ ಆಗಿರುತ್ತದೆ. ಗಡ್ಡೆ ಅಂದ ಕೂಡಲೇ ಎಲ್ಲರ ತಲೆ ಕ್ಯಾನ್ಸರಿಗೆ ಓಡುತ್ತದೆ.

ಗೊತ್ತಿದ್ದವರು ಬಿಡಿಸಿ ಬರೆಯಿರಿ: ಇದು ಏನು, ಯಾಕೆ ಆಗುತ್ತದೆ, ಚುಚ್ಚಿ ತೆಗೆಯಬೇಕಾ, ಯಾವಾಗ ಹೆದರಬೇಕು. ಸ್ವಂತ ಅನುಭವ ಮತ್ತು ಆಸ್ಪತ್ರೆ ಹೆಸರು ಬೇಡ, ಅದಕ್ಕೆ ಬೇರೆ ಕಡೆ ಜಾಗ ಇದೆ. ವಿಷಯ ಮಾತ್ರ ಇರಲಿ.

ಪ್ರಸೂತಿ_ಕೋಣೆ:
ಮೊದಲು ಜಾಗ ಯಾವುದು ಅಂತ ನೋಡುವ. ಗರ್ಭಕೋಶದ ಕೆಳತುದಿಯ ಸಪೂರ ಕೊರಳೇ ಸರ್ವಿಕ್ಸ್, ಪುಸ್ತಕದ ಕನ್ನಡದಲ್ಲಿ ಗರ್ಭಕಂಠ, ಮನೆಮಾತಿನಲ್ಲಿ ಗರ್ಭಕೋಶದ ಬಾಯಿ. ಉದ್ದ ಸುಮಾರು 3 ಸೆಂ.ಮೀ. ತುದಿ ಯೋನಿಯೊಳಗೆ ಚಾಚಿಕೊಂಡಿರುತ್ತದೆ. ಇದರ ಹೊರಮೈಗೆ ಯೋನಿಗೆ ಇರುವಂಥದ್ದೇ ಹಲವು ಪದರದ ಚಪ್ಪಟೆ ಕೋಶಗಳ ಹೊದಿಕೆ. ಒಳಗಿನ ಕಾಲುವೆಗೆ ಒಂದೇ ಪದರ, ಉದ್ದುದ್ದ ಕೋಶಗಳು, ಅವುಗಳ ಕೆಲಸ ಲೋಳೆ ಒಸರುವುದು. ಈ ಒಳಪದರ ನುಣ್ಣಗೆ ಬಳಿದ ಗೋಡೆಯ ಹಾಗಿಲ್ಲ. ಅಲ್ಲಲ್ಲಿ ಒಳಕ್ಕೆ ಮಡಚಿ ಸಣ್ಣ ಸಣ್ಣ ಬಿಲಗಳಾಗಿ ಹೋಗಿದೆ. ಇವನ್ನು ಗ್ರಂಥಿ ಎಂದು ಕರೆದು ರೂಢಿಯಾಗಿದ್ದರೂ ನಿಜದಲ್ಲಿ ಅವು ಮಡಿಕೆಗಳೇ.

ನೀರಿಗೆಂದು ಕೊರೆದ ನಮ್ಮ ಗುಡ್ಡಗಳ ಸುರಂಗ ನೆನಪಿಸಿಕೊಳ್ಳಿ. ಸುರಂಗದ ಬಾಯಿಗೆ ಮಣ್ಣು ಜರಿದು ಕೂತರೆ ಒಳಗಿನ ಒರತೆ ನಿಲ್ಲುತ್ತದಾ? ಇಲ್ಲ, ನೀರು ಹಿಂದೆ ಕಟ್ಟುತ್ತದೆ. ಇಲ್ಲೂ ಅದೇ. ಹರೆಯದಲ್ಲಿ, ಬಸಿರಿನಲ್ಲಿ, ಹಾರ್ಮೋನು ಹೆಚ್ಚಿದಾಗ ಒಳಗಿನ ಲೋಳೆಪದರ ಸ್ವಲ್ಪ ಹೊರಗೆ ತೆರೆದುಕೊಳ್ಳುತ್ತದೆ. ಯೋನಿಯ ಹುಳಿ ವಾತಾವರಣ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ದೇಹ ನಿಧಾನಕ್ಕೆ ಅದರ ಮೇಲೆ ಚಪ್ಪಟೆ ಕೋಶಗಳ ಹೊಸ ಹೊದಿಕೆ ಹೊದಿಸುತ್ತದೆ. ಹೀಗೆ ಬದಲಾಗುವ ಪಟ್ಟಿಗೆ ಟ್ರಾನ್ಸ್‌ಫರ್ಮೇಶನ್ ಝೋನ್ ಎನ್ನುತ್ತಾರೆ. ಹೊಸ ಹೊದಿಕೆ ಕೆಲವು ಬಿಲಗಳ ಬಾಯಿಯನ್ನೂ ಮುಚ್ಚಿಬಿಡುತ್ತದೆ. ಒಳಗಿನ ಕೋಶಗಳಿಗೆ ಅದು ಗೊತ್ತಿಲ್ಲ, ಅವು ಲೋಳೆ ಒಸರುತ್ತಲೇ ಇರುತ್ತವೆ. ಬಿಲ ಉಬ್ಬಿ ಗುಳ್ಳೆಯಾಗುತ್ತದೆ.

ಹೆಚ್ಚಿನವು 2ರಿಂದ 10 ಮಿ.ಮೀ. ಒಂದೇ ಇರಬಹುದು, ಹತ್ತು ಇರಬಹುದು. 4 ಸೆಂ.ಮೀ.ವರೆಗೆ ಬೆಳೆದದ್ದೂ ಇದೆ, ಆದರೆ ಅಪರೂಪ. ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಂ ಹಾಕಿ ಬೆಳಕು ಬಿಟ್ಟರೆ ಬೇಯಿಸಿದ ಸಾಬಕ್ಕಿ ಕಾಳಿನ ಹಾಗೆ ಬಿಳಿಯೋ ತಿಳಿಹಳದಿಯೋ ಆಗಿ ಹೊಳೆಯುತ್ತದೆ, ಕೆಲವೊಮ್ಮೆ ನೀಲಿ ಛಾಯೆ. ಒಳಗಿರುವುದು ಬೆಂಡೆಕಾಯಿ ಲೋಳೆಯಂಥ ದಪ್ಪ ದ್ರವ. ಹೆರಿಗೆಯಾದವರಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ, ಸ್ಪೆಕ್ಯುಲಂನಲ್ಲಿ ಕಂಡರೂ ಎಷ್ಟೋ ವೈದ್ಯರು ಬರೆಯುವುದೇ ಇಲ್ಲ. ಸ್ಕ್ಯಾನ್ ಮಾಡುವವರು ಕಂಡದ್ದನ್ನೆಲ್ಲ ಬರೆಯಬೇಕು, ಅದಕ್ಕೇ ವರದಿಯಲ್ಲಿ ಕಾಣುವುದು.

ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವ ಮೆಟ್ಟಿಲೂ ಅಲ್ಲ. ಗಡ್ಡೆ ಎಂಬ ಶಬ್ದ ಬಿಟ್ಟು ನೀರುಗುಳ್ಳೆ ಎಂದೇ ಹೇಳಿ, ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಉಪ್ಪಳ_ಗೇಟ್:
ಡಾಕ್ಟ್ರೇ, ಹಾಗಾದರೆ ಇನ್‌ಫೆಕ್ಷನ್‌ನಿಂದ ಬರುವುದಲ್ಲವಾ? ಸಿಸ್ಟ್ ಉಂಟು ಎಂದು ಏಳು ದಿನದ ಮಾತ್ರೆ ಬರೆದುಕೊಡುವುದು ಯಾಕೆ ಮತ್ತೆ?

ಪ್ರಸೂತಿ_ಕೋಣೆ:
ಸಂಬಂಧ ಇದೆ, ಆದರೆ ಜನ ತಿಳಿದಷ್ಟು ನೇರ ಅಲ್ಲ. ಗರ್ಭಕಂಠದ ಉರಿಯೂತ ಮಾಯುವಾಗ, ಹೆರಿಗೆಯಲ್ಲಿ ಆದ ಸಣ್ಣ ಸೀಳು ಕೂಡಿಕೊಳ್ಳುವಾಗ ಹೊಸ ಪದರ ಬೆಳೆದು ಬಿಲದ ಬಾಯಿ ಮುಚ್ಚಬಹುದು. ಅಂದರೆ ಗುಳ್ಳೆ ಎನ್ನುವುದು ಮಾಯ್ದದ್ದರ ಗುರುತು. ಒಳಗಿನ ಲೋಳೆಯಲ್ಲಿ ಸೋಂಕು ಕೂತಿಲ್ಲ, ಮಾತ್ರೆ ನುಂಗಿದರೆ ಗುಳ್ಳೆ ಕರಗುವುದೂ ಇಲ್ಲ.

ಮಾತ್ರೆ ಬೇಕಾಗುವುದು ಸ್ರಾವಕ್ಕೆ ಬೇರೆ ಕಾರಣ ಸಿಕ್ಕಿದಾಗ. ಮೊಸರು ಒಡೆದ ಹಾಗೆ ಬಿಳಿ, ಜೊತೆಗೆ ತುರಿಕೆ ಇದ್ದರೆ ಶಿಲೀಂಧ್ರದ ಔಷಧ. ಬೂದು ಬಣ್ಣದ ತೆಳು ಸ್ರಾವ, ಮೀನಿನ ವಾಸನೆ ಇದ್ದರೆ ಅದು ಬೇರೆ ಕಾಯಿಲೆ, ಅದರ ಮಾತ್ರೆ ಬೇರೆ. ಬಿಳಿಸೆರಗಿಗೆ ಚಿಕಿತ್ಸೆ ಪಡೆಯಿರಿ, ಸಿಸ್ಟಿಗೆ ಎಂದು ತಿಳಿದು ಪಡೆಯಬೇಡಿ. ಮತ್ತೆ, ಡೆಟಾಲ್ ನೀರು, ಬೇವಿನ ಕಷಾಯ ಹಾಕಿ ಒಳಗೆ ತೊಳೆಯುವುದು ಬೇಡವೇ ಬೇಡ. ಯೋನಿಯ ಪಿಎಚ್ 3.8ರಿಂದ 4.5. ಆ ಹುಳಿಯನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾ ತೊಳೆದುಹೋದರೆ ಇಲ್ಲದ ಸೋಂಕು ಬಂದು ಕೂರುತ್ತದೆ.

ಸ್ಕ್ಯಾನ್_ಕೋಣೆ:
ಸ್ಕ್ಯಾನ್ ಕಡೆಯ ವಿಷಯ ಬರೆಯುತ್ತೇನೆ. ಹೊಟ್ಟೆಯ ಮೇಲಿಂದ ನೋಡುವುದಾದರೆ ಮೂತ್ರಕೋಶ ತುಂಬಿರಬೇಕು, ಒಳಗಿನಿಂದ ನೋಡುವ ಟಿವಿಎಸ್ ಆದರೆ ಖಾಲಿ ಮಾಡಿ ಬರಬೇಕು. ಇದನ್ನು ಅದಲು ಬದಲು ಮಾಡಿಕೊಂಡು ಬಂದು ಕಾಯುವವರು ಬಹಳ. ಗರ್ಭಕಂಠ ಚೆನ್ನಾಗಿ ಕಾಣುವುದು ಟಿವಿಎಸ್‌ನಲ್ಲಿ.

ನೀರುಗುಳ್ಳೆ ಪರದೆಯ ಮೇಲೆ ಕಪ್ಪು ಉರುಟು. ಅಂಚು ನಯ, ಗೋಡೆ ತೆಳು. ಅದರ ಹಿಂದೆ ಒಂದು ಬೆಳ್ಳನೆಯ ಪಟ್ಟಿ ಕಾಣುತ್ತದೆ. ದ್ರವದಲ್ಲಿ ಶಬ್ದದ ಅಲೆ ಸವೆಯದೆ ದಾಟುವುದರಿಂದ ಹಿಂದಿನ ಮಾಂಸ ಹೆಚ್ಚು ಬೆಳಗಿದಂತೆ ಕಾಣುವುದು, ರೋಗ ಅಲ್ಲ. ಲೋಳೆ ದಪ್ಪಗಿದ್ದರೆ ಕಪ್ಪಿನೊಳಗೆ ಧೂಳು ತೇಲಿದ ಹಾಗೆ ಬೂದು ಚುಕ್ಕೆ ಕಾಣಬಹುದು. ಗೇನ್, ಅಂದರೆ ಚಿತ್ರದ ಬೆಳಕು ಏರಿಸುವ ಗುಂಡಿ, ಜಾಸ್ತಿ ಇಟ್ಟರೂ ಹಾಗೇ ಕಾಣುತ್ತದೆ, ಆದ್ದರಿಂದ ಮೊದಲು ಗೇನ್ ಇಳಿಸಿ ನೋಡುವುದು ಕ್ರಮ. ಕಲರ್ ಡಾಪ್ಲರ್ ಹಾಕಿದರೆ ಗುಳ್ಳೆಯೊಳಗೆ ರಕ್ತದ ಓಡಾಟ ಇರಬಾರದು. ಇದ್ದರೆ ಅದನ್ನು ನಾಬೋಥಿಯನ್ ಎಂದು ಬರೆದು ಮುಗಿಸುವ ಹಾಗಿಲ್ಲ.

ತಪ್ಪುವುದು ಎರಡು ಕಡೆ. ಗರ್ಭಿಣಿಯ ಗರ್ಭಕಂಠದ ಉದ್ದ ಅಳೆಯುವಾಗ ಕಾಲುವೆಗೆ ತಾಗಿಕೊಂಡ ಗುಳ್ಳೆಯನ್ನು ‘ಬಾಯಿ ತೆರೆದಿದೆ’ ಎಂದು ಓದಿಬಿಡಬಹುದು. ಪ್ರೋಬನ್ನು ಸ್ವಲ್ಪ ತಿರುಗಿಸಿದರೆ ಗುಳ್ಳೆ ಕಾಲುವೆಯಿಂದ ಪಕ್ಕಕ್ಕೆ ಬೇರೆಯಾಗಿ ಕಾಣುತ್ತದೆ. ಇನ್ನೊಂದು, ಮೂತ್ರ ಪರೀಕ್ಷೆ ಪಾಸಿಟಿವ್ ಇದ್ದು ಗರ್ಭಕೋಶದಲ್ಲಿ ಚೀಲ ಇನ್ನೂ ಕಾಣದೆ ಗರ್ಭಕಂಠದಲ್ಲಿ ಮಾತ್ರ ಒಂದು ಕಪ್ಪು ಉರುಟು ಕಂಡಾಗ. ಅಲ್ಲಿ ಕೂತ ಬಸಿರಾದರೆ ಸುತ್ತ ದಪ್ಪ ಬಿಳಿ ಉಂಗುರ, ಅದರಲ್ಲಿ ರಕ್ತದ ಹರಿವು ಇರುತ್ತದೆ. ನೀರುಗುಳ್ಳೆಗೆ ಎರಡೂ ಇಲ್ಲ.

ಕುಂಬಳೆ_ಕಡಲು:
ಗರ್ಭಕೋಶದ ಸಿಸ್ಟ್ ಅಂದರೆ ಪಿಸಿಒಡಿ ಅಲ್ಲವಾ? ಮುಟ್ಟು ಸರಿಯಾಗದೆ ಇರುವುದು, ತೂಕ ಹೆಚ್ಚುವುದು ಎಲ್ಲ?

ಸ್ಕ್ಯಾನ್_ಕೋಣೆ:
ಅಲ್ಲ ಮಾರಾಯ್ರೆ. ಪಿಸಿಒಡಿ ಅಂಡಾಶಯದ್ದು, ಮೇಲೆ ಎರಡು ಬದಿಯಲ್ಲಿ. ಇದು ಕೆಳಗೆ ಬಾಯಿಯಲ್ಲಿ. ಮುಟ್ಟಿಗೂ ತೂಕಕ್ಕೂ ಮುಖದ ಕೂದಲಿಗೂ ಇದಕ್ಕೂ ಸಂಬಂಧ ಇಲ್ಲ, ಹಾರ್ಮೋನು ಮಾತ್ರೆಯೂ ಬೇಡ. ಇದೇ ದಾರಿಯಲ್ಲಿ ಇನ್ನೂ ಎರಡು ಸಿಸ್ಟ್ ಉಂಟು: ಯೋನಿಯ ಬಾಗಿಲಲ್ಲೇ ಒಂದು ಬದಿಗೆ ಊದಿಕೊಂಡು ಕೂರಲೂ ಆಗದಷ್ಟು ನೋಯಬಹುದಾದದ್ದು ಬಾರ್ಥೊಲಿನ್, ಯೋನಿಯ ಗೋಡೆಯಲ್ಲಿ ಮುಂಭಾಗದ ಪಕ್ಕಕ್ಕೆ ಕಾಣುವುದು ಗಾರ್ಟ್ನರ್. ವರದಿಯಲ್ಲಿ ಯಾವ ಹೆಸರು ಇದೆ, ಯಾವ ಜಾಗ ಬರೆದಿದ್ದಾರೆ ಎಂದು ನೋಡಿಯೇ ಮಾತಾಡಿ.

ನೀರ್ಚಾಲು_ಸಿಸ್ಟರ್:
2025ರ ಫೆಬ್ರವರಿ 4ರಂದು ‘ಆರೋಗ್ಯಂ ಆನಂದಂ’ ಎಂಬ ಕ್ಯಾನ್ಸರ್ ತಪಾಸಣೆಯ ಆಂದೋಲನ ಕೇರಳದಲ್ಲಿ ಶುರುವಾದ ಮೇಲೆ, ಹಿಂದೆ ಒಮ್ಮೆಯೂ ಒಳಪರೀಕ್ಷೆ ಮಾಡಿಸಿಕೊಳ್ಳದ ಅಮ್ಮಂದಿರೂ ಮೇಜಿಗೆ ಬರುತ್ತಿದ್ದಾರೆ. ಹಾಗಾಗಿ ನೀರುಗುಳ್ಳೆಗಳೂ ಹೆಚ್ಚು ಕಾಣುತ್ತವೆ. ವಿಐಎ ಮಾಡುವವರು ಇಲ್ಲಿ ಎಡವುವುದು ಎಲ್ಲಿ ಅಂತ ಹೇಳುತ್ತೇನೆ.

ವಿಐಎ ಎಂದರೆ ಗರ್ಭಕಂಠಕ್ಕೆ 3ರಿಂದ 5 ಶೇಕಡಾ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಲ್ಲಿ ನೋಡುವುದು. 5 ಶೇಕಡಾ ಬೇಕಾದರೆ 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲಕ್ಕೆ 95 ಮಿ.ಲೀ. ಡಿಸ್ಟಿಲ್ಡ್ ವಾಟರ್. ಅವತ್ತಿನದ್ದು ಅವತ್ತೇ ಕಲಸಿ, ಬಾಟಲಿಗೆ ಹೆಸರು ಬರೆಯಿರಿ. ನೀರು ಸೇರಿಸದ ಗ್ಲೇಶಿಯಲ್ ತಪ್ಪಿ ಹಚ್ಚಿದರೆ ಸುಟ್ಟೇ ಹೋಗುತ್ತದೆ. ಮೊದಲು ಉಪ್ಪುನೀರಿನ ಹತ್ತಿಯಲ್ಲಿ ಲೋಳೆ ಒರೆಸಬೇಕು. ಒರೆಸಿದ ಮೇಲೆ, ಆಮ್ಲ ಹಚ್ಚುವ ಮೊದಲು, ಒಮ್ಮೆ ನಿಧಾನಕ್ಕೆ ನೋಡಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ನೀರುಗುಳ್ಳೆ ಆಗಲೇ ಬೆಳ್ಳಗೆ ಕಂಡಿರುತ್ತದೆ, ಅದು ಎಲ್ಲಿದೆ ಎಂದು ಚಿತ್ರದಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ಆಮ್ಲ ಹಚ್ಚಿ, ಗಡಿಯಾರ ನೋಡಿ ಒಂದು ನಿಮಿಷ ಕಾಯಿರಿ.

ಪಾಸಿಟಿವ್ ಆದರೆ ಒಳ–ಹೊರ ಪದರ ಕೂಡುವ ಗೆರೆಗೆ ತಾಗಿಕೊಂಡು, ಅಂಚು ಸ್ಪಷ್ಟ ಇರುವ, ಸುಣ್ಣ ಬಳಿದಂಥ ಬಿಳಿ ತೇಪೆ ಹೊಸದಾಗಿ ಮೂಡುತ್ತದೆ. ನೀರುಗುಳ್ಳೆ ಹಾಗಲ್ಲ. ಅಂಗಿಯ ಗುಂಡಿಯ ಹಾಗೆ ಉಬ್ಬಿ ಮೊದಲು ಇದ್ದಲ್ಲೇ ಇರುತ್ತದೆ. ಅದನ್ನು ಪಾಸಿಟಿವ್ ಎಂದು ಬರೆದರೆ ಆ ಹೆಂಗಸು ಸುಮ್ಮನೆ ತಲಶ್ಶೇರಿಗೋ ಮಂಗಳೂರಿಗೋ ಅಲೆಯಬೇಕಾಗುತ್ತದೆ.

ಇನ್ನೊಂದು, ಮುಟ್ಟು ನಿಂತವರಲ್ಲಿ ಆ ಗೆರೆ ಕಾಲುವೆಯೊಳಗೆ ಸರಿದುಹೋಗಿರುತ್ತದೆ. ಕಣ್ಣಿಗೆ ಕಾಣದ ಗೆರೆಯನ್ನು ನೋಡಿ ನೆಗೆಟಿವ್ ಎಂದು ಬರೆಯುವುದರಲ್ಲಿ ಅರ್ಥ ಇಲ್ಲ. ಅವರಿಗೆ ಎಚ್‌ಪಿವಿ ಪರೀಕ್ಷೆ ಸರಿ, ಗರ್ಭಕಂಠದ ಹೆಚ್ಚಿನ ಕ್ಯಾನ್ಸರಿಗೆ ಕಾರಣವಾದ ವೈರಸ್ ಉಂಟಾ ಎಂದು ನೋಡುವುದು ಅದು.

ಗಾಜುಪಟ್ಟಿ:
ಸಿಸ್ಟರ್ ಹೇಳಿದ ‘ಮೊದಲು ನೋಡಿ’ ಎಂಬುದನ್ನು ಕಾಲ್ಪೊಸ್ಕೋಪಿ, ಅಂದರೆ ದೊಡ್ಡದು ಮಾಡಿ ತೋರಿಸುವ ಮಸೂರದಲ್ಲಿ ಗರ್ಭಕಂಠದ ಪರೀಕ್ಷೆ, ಮಾಡುವವರೂ ಅನುಸರಿಸುತ್ತಾರೆ. ಗುಳ್ಳೆಯ ಮೇಲೆ ರಕ್ತನಾಳಗಳು ಎದ್ದು ಕಾಣುತ್ತವೆ, ಅದನ್ನು ಕಂಡು ಗಾಬರಿಯಾಗುವುದುಂಟು. ಮರದ ಕೊಂಬೆಯ ಹಾಗೆ ದಪ್ಪದಿಂದ ಸಪೂರಕ್ಕೆ ಕ್ರಮವಾಗಿ ಕವಲೊಡೆದಿದ್ದರೆ ಅದು ಗುಳ್ಳೆ ಉಬ್ಬಿ ಮೇಲೆ ತಳ್ಳಿದ ಮಾಮೂಲಿ ನಾಳ. ತಿರುಪಿನ ಹಾಗೆ ಸುತ್ತಿಕೊಂಡು, ಅಲ್ಪವಿರಾಮದ ಹಾಗೆ ತುಂಡು ತುಂಡಾಗಿ, ಫಕ್ಕನೆ ದಪ್ಪ ಬದಲಾದರೆ ಮಾತ್ರ ಬಯಾಪ್ಸಿ.

ಇನ್ನು ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದ ಕೋಶಗಳನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯ ವಿಷಯ. ಪರೀಕ್ಷೆಗೆ ಮೊದಲಿನ 48 ಗಂಟೆ ಸಂಭೋಗ, ಯೋನಿಯೊಳಗಿನ ಕ್ರೀಮು, ಮಾತ್ರೆ, ತೊಳೆಯುವುದು ಬೇಡ. ಮುಟ್ಟಿನ ದಿನ ಬಿಡಿ, ಮುಟ್ಟು ಶುರುವಾಗಿ 10ರಿಂದ 20ನೇ ದಿನದೊಳಗೆ ಒಳ್ಳೆಯದು. ಮರದ ಸ್ಪ್ಯಾಟುಲಾವನ್ನು ಪೂರ್ತಿ ಒಂದು ಸುತ್ತು ತಿರುಗಿಸಬೇಕು. ಗಾಜಿಗೆ ಬಳಿದ ಕೂಡಲೇ 95 ಶೇಕಡಾ ಈಥೈಲ್ ಆಲ್ಕೊಹಾಲಿಗೆ ಮುಳುಗಿಸಬೇಕು. ‘ಈಗ ಹಾಕುತ್ತೇನೆ’ ಎಂದು ಅರ್ಧ ನಿಮಿಷ ಫ್ಯಾನಿನ ಕೆಳಗೆ ಇಟ್ಟರೂ ಕೋಶ ಒಣಗಿ ಊದಿಕೊಳ್ಳುತ್ತದೆ, ನ್ಯೂಕ್ಲಿಯಸ್ ದೊಡ್ಡದಾದಂತೆ ಕಂಡು ಓದುವವರಿಗೆ ಅನುಮಾನ ಹುಟ್ಟುತ್ತದೆ. ಸ್ಲೈಡು ಓದಲು ಸಾಲುವಷ್ಟು ಎಂದರೆ ಮಾಮೂಲಿ ಸ್ಮಿಯರಿನಲ್ಲಿ 8,000ದಿಂದ 12,000, ದ್ರವದ ಬಾಟಲಿಗೆ ಹಾಕುವ ಎಲ್‌ಬಿಸಿಯಲ್ಲಿ 5,000 ಚಪ್ಪಟೆ ಕೋಶ. ಗುಳ್ಳೆಯೊಂದು ಸ್ಪ್ಯಾಟುಲಾಕ್ಕೆ ಸಿಕ್ಕಿ ಒಡೆದರೆ ದಪ್ಪ ಲೋಳೆ ಗಾಜಿನ ಮೇಲೆ ಹರಡಿ ಕೋಶಗಳನ್ನು ಮುಚ್ಚುತ್ತದೆ. ಆಗ ‘ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಎಂದು ಬರಬಹುದು. ಅದರ ಅರ್ಥ ಸ್ಲೈಡು ಓದಲಾಗಲಿಲ್ಲ ಎಂದಷ್ಟೇ, ಪುನಃ ಮಾಡಿಸಿದರಾಯಿತು. ‘ಎನ್‌ಐಎಲ್‌ಎಂ’ ಎಂದಿದ್ದರೆ ಕ್ಯಾನ್ಸರಿನದ್ದಾಗಲೀ ಅದರ ಮುಂಚಿನದ್ದಾಗಲೀ ಬದಲಾವಣೆ ಕಂಡಿಲ್ಲ ಎಂದು.

ಗರ್ಭಕೋಶ ತೆಗೆದವರ ಬಯಾಪ್ಸಿ ವರದಿಯಲ್ಲಿ ‘ಕ್ರಾನಿಕ್ ಸರ್ವಿಸೈಟಿಸ್ ವಿತ್ ನಾಬೋಥಿಯನ್ ಸಿಸ್ಟ್’ (ಗರ್ಭಕಂಠದ ಬಹುಕಾಲದ ಉರಿಯೂತ, ಜೊತೆಗೆ ನೀರುಗುಳ್ಳೆ) ಎಂದು ಎಷ್ಟು ಸಲ ಟೈಪಾಗುತ್ತದೋ ಲೆಕ್ಕವಿಲ್ಲ. ಅದನ್ನು ಓದಿ, ತೆಗೆದದ್ದು ಒಳ್ಳೆಯದೇ ಆಯಿತು ಎಂದುಕೊಳ್ಳುವವರಿದ್ದಾರೆ. ತೆಗೆಯಲು ಅದು ಕಾರಣವೇ ಅಲ್ಲ.

ಕುಂಬಳೆ_ಕಡಲು:
ಚುಚ್ಚಿ ಬಿಟ್ಟರೆ ಒಂದು ನಿಮಿಷದ ಕೆಲಸ ಅಂತಾರೆ. ಇಟ್ಟುಕೊಂಡು ಯಾಕೆ ತಲೆಬಿಸಿ ಮಾಡುವುದು?

ಪ್ರಸೂತಿ_ಕೋಣೆ:
ಒಂದು ನಿಮಿಷದ ಕೆಲಸ ಹೌದು. ಲಾಭ ಏನು? ಮೇಲಿನ ಹೊದಿಕೆಗೆ ಸೂಜಿ ಹಾಕಿದರೆ ಲೋಳೆ ಹೊರಬರುತ್ತದೆ, ಗುಳ್ಳೆ ಕುಸಿಯುತ್ತದೆ. ಬಿಲ ಅಲ್ಲೇ ಇದೆ, ಒಸರುವ ಕೋಶಗಳೂ ಅಲ್ಲೇ ಇವೆ. ತೂತು ಮುಚ್ಚಿದರೆ ಮತ್ತೆ ತುಂಬುತ್ತದೆ. ಪಕ್ಕದ ಇನ್ನೈದು ಬಿಲ ಮುಚ್ಚುವುದನ್ನು ಸೂಜಿ ತಡೆಯುವುದಿಲ್ಲ. ತೊಂದರೆ ಕೊಡದ ಗುಳ್ಳೆಯನ್ನು ಮುಟ್ಟದಿರುವುದೇ ಸರಿಯಾದ ಚಿಕಿತ್ಸೆ.

ಮುಟ್ಟಬೇಕಾದ ಸಂದರ್ಭ ಕೆಲವೇ. ಗುಳ್ಳೆ ದೊಡ್ಡದಾಗಿ ಕೆಳಹೊಟ್ಟೆ ತುಂಬಿದಂತಾದಾಗ, ಸಂಭೋಗದಲ್ಲಿ ನೋವಾಗಿ ಅದಕ್ಕೆ ಬೇರೆ ಕಾರಣ ಸಿಗದಾಗ, ಗರ್ಭಕಂಠದ ಆಕಾರವೇ ಕೆಟ್ಟು ಸ್ಮಿಯರ್ ತೆಗೆಯಲು ಅಡ್ಡ ಬಂದಾಗ, ಇಲ್ಲವೇ ಇದು ನಿಜಕ್ಕೂ ನೀರುಗುಳ್ಳೆಯೇ ಎಂದು ಅನುಮಾನ ಉಳಿದಾಗ. ಆಗ ಸೂಜಿಯಲ್ಲಿ ಬಸಿಯುತ್ತಾರೆ, ವಿದ್ಯುತ್ತಿನ ತಂತಿಯಲ್ಲಿ ಬಾಯಿ ತೆರೆಯುತ್ತಾರೆ, ಇಲ್ಲವೇ ಕ್ರಯೋ ಎಂಬ ಅತಿ ತಣ್ಣನೆಯ ಉಪಕರಣದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಕ್ರಯೋ ಆದ ಮೇಲೆ ಕೆಲವು ವಾರ ನೀರಿನಂಥ ಸ್ರಾವ ಹೋಗುತ್ತಲೇ ಇರುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಮತ್ತೊಂದು ಹೆದರಿಕೆ. ಸುಡುವುದಿರಲಿ ಹೆಪ್ಪುಗಟ್ಟಿಸುವುದಿರಲಿ, ಕ್ಯಾನ್ಸರ್ ತಪಾಸಣೆಯ ಫಲಿತಾಂಶ ಕೈಗೆ ಬಂದ ಮೇಲೆಯೇ ಆಗಬೇಕು. ಸುಟ್ಟ ಮೇಲೆ ನೋಡಲು ಕೋಶ ಎಲ್ಲಿ ಉಳಿದಿದೆ?

ಗರ್ಭಕೋಶ ತೆಗೆಸುವ ಮಾತು ಬಂತಲ್ಲ, ಅದಕ್ಕೂ ಹೇಳಿಬಿಡುತ್ತೇನೆ. ‘ಬಾಯಿಯಲ್ಲಿ ಸಿಸ್ಟ್ ಉಂಟು, ಹುಣ್ಣು ಉಂಟು, ಮಕ್ಕಳು ಆಗಿದ್ದಾರಲ್ಲ, ತೆಗೆದುಬಿಡುವ’ ಎಂದು ಯಾರಾದರೂ ಹೇಳಿದರೆ ವರದಿ ಹಿಡಿದು ಇನ್ನೊಬ್ಬರ ಹತ್ತಿರ ಹೋಗಿ. ಆ ‘ಹುಣ್ಣು’ ಎನ್ನುವುದೂ ಹೆಚ್ಚಾಗಿ ಹುಣ್ಣಲ್ಲ, ನಾನು ಮೇಲೆ ಹೇಳಿದ ಹೊರಗೆ ತೆರೆದ ಕೆಂಪು ಲೋಳೆಪದರ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಎಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಅಲ್ಲಿವರೆಗೆ ಹೋದ ವಿಷಯ ಇದು, ಸಣ್ಣದಲ್ಲ.

ಬೇಕಲ_ಓದುಗ:
ಅಡ್ಡಮಾತು ಒಂದು. ಹೆಸರು ಬಂದದ್ದು ಲೈಪ್ಸಿಗ್‌ನ ಅಂಗರಚನಾ ಶಾಸ್ತ್ರಜ್ಞ ಮಾರ್ಟಿನ್ ನಾಬೋಥ್‌ನಿಂದ (1675–1721). 1707ರಲ್ಲಿ ಇವನ್ನು ವಿವರಿಸುತ್ತಾ ಆತ ಇವೇ ಹೆಣ್ಣಿನ ಅಂಡಗಳು ಎಂದು ತಿಳಿದಿದ್ದ. ನಿಜವಾದ ಅಂಡ ಮನುಷ್ಯರ ಕಣ್ಣಿಗೆ ಬಿದ್ದದ್ದು 1827ರಲ್ಲಿ, ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್‌ನ ಸೂಕ್ಷ್ಮದರ್ಶಕದಲ್ಲಿ. ತಪ್ಪು ಹೋಯಿತು, ಹೆಸರು ಉಳಿಯಿತು.

ಉಪ್ಪಳ_ಗೇಟ್:
ಎಲ್ಲ ಸರಿ. ಯಾವಾಗ ಹೆದರಬೇಕು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಸ್ಕ್ಯಾನ್_ಕೋಣೆ:
ಮೊದಲು ಚಿತ್ರದಲ್ಲಿ ಕಾಣುವುದು. ಗುಳ್ಳೆಗಳು ಮೇಲ್ಮೈ ಹತ್ತಿರ ಇರದೆ ಗೋಡೆಯ ಆಳಕ್ಕೆ ಗೊಂಚಲಾಗಿ ಇಳಿದಿದ್ದರೆ, ನಡುವೆ ಗಟ್ಟಿ ಮಾಂಸದ ಭಾಗ ಇದ್ದರೆ, ಅಂಚು ಒರಟಾಗಿದ್ದರೆ ಎಂಆರ್‌ಐ ಬೇಕು. ಅದರಲ್ಲಿ ದ್ರವ ಬೆಳ್ಳಗೆ ಕಾಣುವ ಟಿ2 ಎಂಬ ಬಗೆಯ ಚಿತ್ರದಲ್ಲಿ ಸಾದಾ ನೀರುಗುಳ್ಳೆ ಒಂದೇ ಸಮ ಬೆಳ್ಳಗೆ, ನಯ ಅಂಚಿನಲ್ಲಿ ಕಾಣುತ್ತದೆ. ಇದರ ವೇಷದಲ್ಲಿ ಬರುವ ಅಪರೂಪದ ಕ್ಯಾನ್ಸರ್ ಒಂದಿದೆ, ಹಿಂದೆ ಅಡಿನೋಮಾ ಮ್ಯಾಲಿಗ್ನಮ್ ಎನ್ನುತ್ತಿದ್ದರು, ಈಗ ಗ್ಯಾಸ್ಟ್ರಿಕ್ ಟೈಪ್ ಅಡಿನೋಕಾರ್ಸಿನೋಮಾ ಗುಂಪಿನಲ್ಲಿ ಸೇರಿಸುತ್ತಾರೆ.

ಪ್ರಸೂತಿ_ಕೋಣೆ:
ಅದರ ದೊಡ್ಡ ಸೂಚನೆ ಎಂದರೆ ಪ್ಯಾಡ್ ನೆನೆಯುವಷ್ಟು ನೀರಿನಂಥ ಸ್ರಾವ, ನಿಲ್ಲದೆ ಹೋಗುವುದು. ಈ ಬಗೆಯ ಕ್ಯಾನ್ಸರ್ ಎಚ್‌ಪಿವಿಯಿಂದ ಬರುವುದಲ್ಲ. ಹಾಗಾಗಿ ಎಚ್‌ಪಿವಿ ನೆಗೆಟಿವ್ ಬಂದಿದೆ ಎಂದು ಇಂಥ ಸ್ರಾವವನ್ನು ಕಡೆಗಣಿಸಬಾರದು, ಪ್ಯಾಪ್‌ನಲ್ಲಿಯೂ ತಪ್ಪಿಹೋಗಬಹುದು. ತುಟಿ, ಬಾಯಿಯ ಸುತ್ತ ಚಿಕ್ಕಂದಿನಿಂದ ಕಪ್ಪು ಚುಕ್ಕೆಗಳಿರುವ ಪ್ಯೂಟ್ಜ್–ಜೆಗರ್ಸ್ ಎಂಬ ವಂಶಪಾರಂಪರ್ಯ ಕಾಯಿಲೆಯವರಲ್ಲಿ ಇದರ ಸಾಧ್ಯತೆ ಹೆಚ್ಚು.

ಉಳಿದ ಸೂಚನೆಗಳು ಎಲ್ಲರಿಗೂ ಅನ್ವಯ: ಸಂಭೋಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡರೂ, ರಕ್ತ ಬೆರೆತ ನಾತದ ಸ್ರಾವ. ಇವುಗಳನ್ನು ನೀರುಗುಳ್ಳೆಯ ತಲೆಗೆ ಕಟ್ಟಬೇಡಿ. ಗುಳ್ಳೆಯಿಂದ ರಕ್ತ ಹೋಗುವುದಿಲ್ಲ ಎಂದೇ ಹಿಡಿಯಿರಿ. ಗುಳ್ಳೆ ಇದ್ದವರಿಗೂ ಬೇರೆ ಕಾಯಿಲೆ ಬರಬಹುದಲ್ಲ, ‘ಅದು ಆ ಸಿಸ್ಟಿನದ್ದೇ’ ಎಂದು ಆರು ತಿಂಗಳು ಸುಮ್ಮನಿರುವುದು ಗುಳ್ಳೆಗಿಂತ ದೊಡ್ಡ ಅಪಾಯ.

ಚಂದ್ರಗಿರಿ_ತೀರ:
ಮಕ್ಕಳಾಗಲು, ಹೆರಿಗೆಗೆ, ಕಾಪರ್ ಟಿ ಹಾಕಿಸಲು ಅಡ್ಡಿ ಉಂಟಾ? ಪ್ರತಿ ವರ್ಷ ಸ್ಕ್ಯಾನ್ ಮಾಡಿಸಿ ಅಳತೆ ನೋಡಬೇಕಾ?

ಪ್ರಸೂತಿ_ಕೋಣೆ:
ಸಣ್ಣ ಗುಳ್ಳೆ ಬಸಿರಿಗೆ ಅಡ್ಡಿಯಲ್ಲ, ವೀರ್ಯ ಹೋಗುವ ಕಾಲುವೆ ತೆರೆದೇ ಇರುತ್ತದೆ. ಸಹಜ ಹೆರಿಗೆಗೂ ಅಡ್ಡಿಯಲ್ಲ. ಕೆಲವು ಸೆಂಟಿಮೀಟರಿನ ಗುಳ್ಳೆ ದಾರಿಗೆ ಅಡ್ಡ ಬಂದರೆ ಆಗ ಬಸಿದರಾಯಿತು. ಕಾಪರ್ ಟಿ ಹಾಕಬಹುದು. ಬರಿಯ ನೀರುಗುಳ್ಳೆಗೆಂದು ವರ್ಷ ವರ್ಷ ಸ್ಕ್ಯಾನ್ ಬೇಡ. 8 ಇದ್ದದ್ದು 11 ಮಿ.ಮೀ. ಆಯಿತು ಎಂಬುದಕ್ಕೂ ಅರ್ಥವಿಲ್ಲ, ಅಳೆದವರ ಕೈ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ.

ನೀರ್ಚಾಲು_ಸಿಸ್ಟರ್:
ಸ್ಕ್ಯಾನ್ ಬೇಡ, ಸರಿ. ಆದರೆ ತಪಾಸಣೆ ಬಿಡುವ ಹಾಗಿಲ್ಲ. ಸ್ಕ್ಯಾನ್ ಎಷ್ಟೇ ಚೆನ್ನಾಗಿದ್ದರೂ ಅದು ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಅಲ್ಲ, ಮುಂಚಿನ ಹಂತದ ಬದಲಾವಣೆ ಅದರಲ್ಲಿ ಕಾಣುವುದಿಲ್ಲ. ನಮ್ಮ ದೇಶದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ 30 ವರ್ಷದಿಂದ ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಮೊದಲ ಸ್ಥಾನ ಕೊಟ್ಟಿದೆ, 5ರಿಂದ 10 ವರ್ಷಕ್ಕೊಮ್ಮೆ. ಎಚ್‌ಐವಿ ಇದ್ದವರಿಗೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ. ಎಚ್‌ಪಿವಿಗೆ ಮಾದರಿಯನ್ನು ತಾನೇ ಕಡ್ಡಿಯಲ್ಲಿ ತೆಗೆದು ಕೊಡಬಹುದು, ಒಳಪರೀಕ್ಷೆಗೆ ನಾಚುವವರಿಗೆ ಇದನ್ನು ಹೇಳಿ.

ಆಶಾ ಕಾರ್ಯಕರ್ತೆಯರು ಓದುತ್ತಿದ್ದರೆ ಒಂದು ಕೋರಿಕೆ. ವರದಿ ತೋರಿಸಿ ಕೇಳುವ ಅಕ್ಕಂದಿರಿಗೆ ‘ಏನೂ ಇಲ್ಲ’ ಎನ್ನಬೇಡಿ, ಕಾಗದದಲ್ಲಿ ಬರೆದದ್ದು ಅವರಿಗೆ ಕಾಣುತ್ತದಲ್ಲ, ನಂಬುವುದಿಲ್ಲ. ‘ಲೋಳೆ ಕಟ್ಟಿಕೊಂಡ ನೀರುಗುಳ್ಳೆ, ಅದರಷ್ಟಕ್ಕೆ ಇರುತ್ತದೆ, ಮದ್ದು ಬೇಡ. ಪ್ಯಾಪೋ ಎಚ್‌ಪಿವಿಯೋ ಆಗಿ ಎಷ್ಟು ವರ್ಷ ಆಯಿತು?’ ಎಂದು ಕೇಳಿ. ಆಗಿಲ್ಲ ಎಂದರೆ ದಿನ ಗೊತ್ತು ಮಾಡಿಯೇ ಮನೆಯಿಂದ ಏಳಿ.

ಉಪ್ಪಳ_ಗೇಟ್:
ಸಿಸ್ಟರ್, ಮಲಯಾಳದಲ್ಲಿ ಏನು ಹೇಳಬೇಕು? ‘ಮುಳ’ ಎಂದರೆ ಪುನಃ ಅದೇ ಗಲಾಟೆ.

ನೀರ್ಚಾಲು_ಸಿಸ್ಟರ್:
‘ವೆಳ್ಳಂ ನಿರಂಞ ಚೆರಿಯ ಕುಮಿಳ’ ಎನ್ನಿ. ಕುಮಿಳ ಎಂದರೆ ಗುಳ್ಳೆ, ಎಲ್ಲರಿಗೂ ಅರ್ಥವಾಗುತ್ತದೆ.